ಶುಗರ್‌ಗೆ ‘ಶ’ ಎಲ್ಲಿಂದ ಬಂತು?

ಅಣ್ಣನ ಮಗಳು ಎರಡನೇ ಕ್ಲಾಸು. ಮೊನ್ನೆ ಡಿಕ್ಟೇಶನ್‌ಗೆ ಅಂತ ಇಂಗ್ಲಿಷ್ ಪದಗಳನ್ನು ಬರೆದು ಬರೆದು ಕಲಿಯುತ್ತಿದ್ದಳು. ಶಿಪ್, ಶಾಪ್, ಶೀಪ್ ಎಲ್ಲಕ್ಕೂ ಎಸ್ ಆದ ಮೇಲೆ ಎಚ್ ಹಾಕಿದಳು. ಅದೇ ಜೋರಿನಲ್ಲಿ ಶುಗರ್‌ಗೂ ಎಚ್ ಹಾಕಿದಳು. ಪುಸ್ತಕ ನೋಡಿದರೆ ಅಲ್ಲಿ ಎಚ್ ಇಲ್ಲ. ‘ಚಿಕ್ಕಪ್ಪ, ಇದಕ್ಕೆ ಮಾತ್ರ ಎಚ್ ಯಾಕಿಲ್ಲ? ಬರೀ ಎಸ್ ಅಂದ್ರೆ ಸ ಅಲ್ವಾ?’ ಎಂದು ಕೇಳಿದಳು.

ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ ಕೊಟ್ಟೆ. ಶುಗರ್ ನಮ್ಮ ಕಡೆಯಿಂದ ಹೋದ ಪದ, ಸಂಸ್ಕೃತದಲ್ಲಿ ಶರ್ಕರಾ ಅಂತಾರೆ, ಆ ಶ ಹಾಗೇ ಉಳಿದುಕೊಂಡಿದೆ ಅಂದೆ. ಅವಳು ತಲೆಯಾಡಿಸಿ ಮುಂದಿನ ಪದಕ್ಕೆ ಹೋದಳು. ನನಗೆ ಮಾತ್ರ ಆ ಉತ್ತರ ರಾತ್ರಿಯವರೆಗೂ ಕೊರೆಯುತ್ತಿತ್ತು. ಶ ಹಾಗೇ ಉಳಿದಿದ್ದರೆ ಬರೀ ಎಸ್ ಯಾಕೆ ಬರೆದರು? ಇಂಗ್ಲಿಷರಿಗೆ ಈ ಪದ ಕೊಟ್ಟ ಫ್ರೆಂಚರು ಸುಕ್ರ್ ಅನ್ನುತ್ತಾರೆ. ಇಟಲಿಯವರು ತ್ಸುಕ್ಕೆರೊ ಅನ್ನುತ್ತಾರೆ. ಅರಬರು ಸುಕ್ಕರ್ ಅನ್ನುತ್ತಾರೆ. ಯಾರ ಬಾಯಲ್ಲೂ ಶ ಇಲ್ಲ. ದಾರಿಯಲ್ಲೇ ಕಳೆದುಹೋದ ಸಾಮಾನು ಕೊನೆಯ ಮನೆಯಲ್ಲಿ ಹೇಗೆ ಸಿಗುತ್ತದೆ?

ಕೂತು ಓದಿದೆ. ಪದ ಶರ್ಕರಾದಿಂದಲೇ ಹೋಗಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಶ ಶರ್ಕರಾದ್ದಲ್ಲ. ಮಗುವಿಗೆ ನಾನು ಹೇಳಿದ್ದು ತಪ್ಪು. ಒಂದು ಪದದ ಮೂಲ ಹುಡುಕುವುದು ಅಂದರೆ ಏನು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಈ ಒಂದು ಅಕ್ಷರದಿಂದ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಶರ್ಕರಾ ಅಂದರೆ ಮೊದಲಿಗೆ ಸಿಹಿಯೇ ಅಲ್ಲ. ಜಲ್ಲಿ, ಗರಸು, ಸಣ್ಣ ಕಲ್ಲು, ಅದು ಹಳೆಯ ಅರ್ಥ. ಸುಶ್ರುತ ಸಂಹಿತೆಯಲ್ಲಿ ಮೂತ್ರದಲ್ಲಿ ಬೀಳುವ ಹರಳಿಗೂ ಶರ್ಕರಾ ಅಂತಲೇ ಹೆಸರು. ಕಲ್ಲಿನ ಪದ ಸಿಹಿಗೆ ಹೇಗೆ ಬಂತು ಅನ್ನುವುದಕ್ಕೆ ನಾನು ಯಾವ ಗ್ರಂಥವನ್ನೂ ತೆರೆಯಬೇಕಾಗಿಲ್ಲ. ಮಲೆನಾಡಿನ ನಮ್ಮ ಅಜ್ಜಿಮನೆಯ ಅಟ್ಟದ ಮೇಲೆ ಜೋನಿ ಬೆಲ್ಲದ ತಗಡಿನ ಡಬ್ಬಿ ಇರುತ್ತಿತ್ತು. ಆಲೆಮನೆಯಿಂದ ಬಂದ ಹೊಸದರಲ್ಲಿ ಬೆಲ್ಲ ಜೇನಿನ ಹಾಗೆ ಎಳೆಯೆಳೆಯಾಗಿ ಸುರಿಯುತ್ತಿತ್ತು. ದೋಸೆಯ ಮೇಲೆ ಬಿದ್ದರೆ ತಟ್ಟೆಯ ಅಂಚಿಗೆ ಓಡುತ್ತಿತ್ತು. ನಾಲ್ಕಾರು ತಿಂಗಳು ಕಳೆಯುತ್ತಿದ್ದಂತೆ ಸೌಟು ಕೆಳಗೆ ಹೋದಾಗ ಕರಕರ ಸದ್ದು. ತಳದಲ್ಲಿ ಹರಳು ಕಟ್ಟಿರುತ್ತಿತ್ತು. ಸೌಟಿನಲ್ಲಿ ಕೆರೆದು ತೆಗೆದರೆ ಹೊಳೆಯಲ್ಲಿ ಸಿಗುವ ದಪ್ಪ ಮರಳಿನ ಹಾಗೇ, ಬಣ್ಣವೂ ಹಾಗೇ. ಮಕ್ಕಳಿಗೆ ಅದಕ್ಕೇ ಜಗಳ. ಬಾಯಿಗೆ ಹಾಕಿಕೊಂಡರೆ ಮೊದಲು ಹಲ್ಲಿಗೆ ಕಲ್ಲು ಸಿಕ್ಕ ಹಾಗೆ, ಆಮೇಲೆ ಸಿಹಿ. ಇದನ್ನು ಮೊದಲ ಸಲ ಕಂಡವರು ಗರಸು ಅಂತ ಹೆಸರಿಟ್ಟಿದ್ದರೆ ಅದಕ್ಕಿಂತ ಸರಿಯಾದ ಹೆಸರು ಬೇರೆ ಇರಲಿಲ್ಲ.

ಕಬ್ಬಿನ ಗಿಡ ಮೂಲದಲ್ಲಿ ನಮ್ಮದಲ್ಲ. ಅದನ್ನು ಮೊದಲು ಬೆಳೆಸಿ ಪಳಗಿಸಿದ್ದು ಪೆಸಿಫಿಕ್ ಸಾಗರದ ನ್ಯೂಗಿನಿ ದ್ವೀಪದವರು. ಆದರೆ ರಸವನ್ನು ಕಾಯಿಸಿ ಹರಳು ಮಾಡುವ ಕೆಲಸ ಕುದುರಿದ್ದು ಭಾರತದಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಲೆಕ್ಕ ಹೇಳುವಾಗ ಕಬ್ಬಿನ ಐದು ಸರಕುಗಳ ಪಟ್ಟಿ ಬರುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತ ಅಂದರೆ ಹೆಚ್ಚು ಕಡಿಮೆ ನಮ್ಮ ಜೋನಿ ಬೆಲ್ಲ. ಗುಡ ಅಂದರೆ ಉಂಡೆ. ಖಂಡ ಅಂದರೆ ತುಂಡು. ಕೊನೆಗೆ ಶರ್ಕರಾ, ಹರಳು. ತೆಳುವಾದ ಪಾಕದಿಂದ ಶುರುವಾಗಿ ಗಟ್ಟಿ ಹರಳಿನವರೆಗೆ, ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ನೋಡಿದವರೇ ಇಟ್ಟ ಹೆಸರುಗಳು ಇವು. ಇದರಲ್ಲಿ ಖಂಡ ಎಂಬ ಪದವನ್ನು ನೆನಪಿಡಿ, ಮುಂದೆ ಬರುತ್ತದೆ.

ಈಗ ಪದ ಮನೆ ಬಿಟ್ಟು ಹೊರಡಬೇಕು. ಇಲ್ಲಿ ಹೆಚ್ಚಿನವರು ಸಂಸ್ಕೃತದಿಂದ ನೇರವಾಗಿ ಹೊರದೇಶಕ್ಕೆ ಹಾರುತ್ತಾರೆ. ನಡುವಿನ ಮೆಟ್ಟಿಲೊಂದು ಬಿಟ್ಟುಹೋಗುತ್ತದೆ. ಆ ಮೆಟ್ಟಿಲು ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವುದೇ.

ಹೈಸ್ಕೂಲಿನಲ್ಲಿ ತತ್ಸಮ ತದ್ಭವ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಧರ್ಮ ದಮ್ಮ, ಕಾರ್ಯ ಕಜ್ಜ, ನಿದ್ರಾ ನಿದ್ದೆ, ಶರ್ಕರಾ ಸಕ್ಕರೆ. ಐದು ಮಾರ್ಕಿಗಾಗಿ ಸುಮ್ನೆ ಉರು ಹೊಡೆದೆವು. ಅದರ ಒಳಗೆ ಒಂದು ನಿಯಮ ಕೂತಿದೆ ಅಂತ ಯಾರೂ ಹೇಳಿಕೊಡಲಿಲ್ಲ. ಸಂಸ್ಕೃತದ ಒತ್ತಕ್ಷರವನ್ನು ಜನ ದಿನವಿಡೀ ಆಡುವಾಗ ಬೇರೆ ಬೇರೆ ಎರಡು ವ್ಯಂಜನ ಒಂದೇ ವ್ಯಂಜನದ ದ್ವಿತ್ವವಾಗುತ್ತದೆ. ರ್ಮ ಮ್ಮ ಆಗುತ್ತದೆ, ದ್ರ ದ್ದ ಆಗುತ್ತದೆ, ರ್ಕ ಕ್ಕ ಆಗುತ್ತದೆ. ಶ ಸ ಆಗುತ್ತದೆ. ಇದು ಪ್ರಾಕೃತಗಳಲ್ಲಿ, ಅಂದರೆ ಆಗಿನ ಜನರ ಆಡುಮಾತುಗಳಲ್ಲಿ, ಆದ ಬದಲಾವಣೆ. ಕೊನೆಯ ‘ಆ’ ಕನ್ನಡಕ್ಕೆ ಬಂದು ‘ಎ’ ಆಗುವುದು ನಮ್ಮ ಪದ್ಧತಿ, ಮಾಲಾ ಮಾಲೆ ಆದ ಹಾಗೆ. ಹೀಗೆ ಶರ್ಕರಾ ಪ್ರಾಕೃತದಲ್ಲಿ ಸಕ್ಕರಾ ಆಗಿ, ಕನ್ನಡದಲ್ಲಿ ಸಕ್ಕರೆ ಆಯಿತು. ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಸಕ್ಖರಾ, ಮಹಾಪ್ರಾಣದ ಜೊತೆ. ಬೆಳಗಾವಿ ಕಡೆಯವರು ಅಕ್ಕಪಕ್ಕದ ಮರಾಠಿ ಮನೆಗಳಲ್ಲಿ ಸಾಖರ್ ಅನ್ನುವುದನ್ನು ಕೇಳಿರುತ್ತಾರೆ. ಅಲ್ಲೂ ಆ ಮಹಾಪ್ರಾಣ ಇದೆ.

ಈ ಮೆಟ್ಟಿಲು ಯಾಕೆ ಮುಖ್ಯ ಅಂತ ಗ್ರೀಕರನ್ನು ನೋಡಿದರೆ ತಿಳಿಯುತ್ತದೆ. ಅಲೆಕ್ಸಾಂಡರನ ನೌಕಾಪಡೆಯ ನಾಯಕ ನಿಯಾರ್ಕಸ್ ಕ್ರಿಸ್ತಪೂರ್ವ 325ರ ಸುಮಾರಿಗೆ ಸಿಂಧೂ ನದಿಯ ಕಡೆಯಿಂದ ವಾಪಸು ಹೋದ. ಭಾರತದಲ್ಲಿ ಜೇನುಹುಳುವಿಲ್ಲದೆ ಜೇನು ಕೊಡುವ ಜೊಂಡು ಇದೆ ಅಂತ ಅವನು ಹೇಳಿದ್ದು ದಾಖಲಾಗಿದೆ. ಅವನ ಮಾತಿನಲ್ಲಿ ಹೆಸರಿಲ್ಲ, ವರ್ಣನೆ ಮಾತ್ರ ಇದೆ. ಹೆಸರು ಸಿಗುವುದು ಸುಮಾರು ನಾನೂರು ವರ್ಷ ಕಳೆದ ಮೇಲೆ. ಕ್ರಿಸ್ತಶಕ ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಬರೆಯುತ್ತಾನೆ: ಸಾಕ್ಖರೊನ್ ಎಂಬ ಗಟ್ಟಿ ಜೇನು ಇದೆ, ಭಾರತದ ಜೊಂಡುಗಳಲ್ಲಿ ಸಿಗುತ್ತದೆ, ನೋಡಲು ಉಪ್ಪಿನ ಹಾಗೆ, ಹಲ್ಲಿನಲ್ಲಿ ಕಡಿದರೆ ಉಪ್ಪಿನ ಹಾಗೇ ಪುಡಿಯಾಗುತ್ತದೆ. ಅದೇ ಕಾಲದ ರೋಮಿನ ಬರಹಗಾರ ಪ್ಲಿನಿ, ಇದು ಔಷಧಕ್ಕೆ ಮಾತ್ರ ಬಳಸುವ ವಸ್ತು ಅನ್ನುತ್ತಾನೆ. ಕೆಂಪು ಸಮುದ್ರದಿಂದ ಭಾರತದವರೆಗಿನ ಬಂದರುಗಳ ವ್ಯಾಪಾರವನ್ನು ವಿವರಿಸುವ ಪೆರಿಪ್ಲಸ್ ಎಂಬ ಕೈಪಿಡಿಯೂ ಅದೇ ಶತಮಾನದ್ದು. ಗುಜರಾತಿನ ಭರೂಚ್ ಕಡೆಯಿಂದ ಆಫ್ರಿಕದ ತೀರಕ್ಕೆ ಹೋಗುತ್ತಿದ್ದ ಸರಕಿನಲ್ಲಿ ಗೋಧಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಬಟ್ಟೆಗಳ ಜೊತೆ ‘ಸಾಕ್ಖರಿ ಎಂದು ಕರೆಯುವ ಜೊಂಡಿನ ಜೇನು’ ಕೂಡ ಅದರಲ್ಲಿ ಬರುತ್ತದೆ.

ಆ ಪದವನ್ನು ಒಮ್ಮೆ ನಿಧಾನವಾಗಿ ಓದಿ. ಸಾಕ್ಖರೊನ್. ಶ ಇಲ್ಲ, ಸ ಇದೆ. ರ್ಕ ಇಲ್ಲ, ಒತ್ತಿದ ಕ ಇದೆ, ಮಹಾಪ್ರಾಣವೂ ಇದೆ. ಪಾಲಿಯ ಸಕ್ಖರಾಗೆ ಎಷ್ಟು ಹತ್ತಿರ! ಗ್ರೀಕ್ ವ್ಯಾಪಾರಿ ಇದನ್ನು ಪಂಡಿತರ ಪಾಠಶಾಲೆಯಲ್ಲಿ ಕಲಿತಿಲ್ಲ. ಬಂದರಿನಲ್ಲಿ ಮೂಟೆ ತೂಗುವವರು, ಹಡಗಿಗೆ ಹೊರುವವರು ಆಡುವ ಮಾತನ್ನು ಕೇಳಿಸಿಕೊಂಡು ಬರೆದಿದ್ದಾನೆ. ಎರಡು ಸಾವಿರ ವರ್ಷದ ಹಿಂದೆ ಭರೂಚಿನ ದಕ್ಕೆಯಲ್ಲಿ ಜನ ಹೇಗೆ ಮಾತಾಡುತ್ತಿದ್ದರು ಅನ್ನುವುದಕ್ಕೆ ಒಂದು ಗ್ರೀಕ್ ಪದ ಸಾಕ್ಷಿಯಾಗಿ ನಿಂತಿದೆ. ನಮ್ಮ ಸಕ್ಕರೆಯೂ ಅದೇ ಆಡುಮಾತಿನಿಂದ ಬಂದಿದ್ದು. ಹಾಗಾಗಿ ಶರ್ಕರಾಗಿಂತ ಸಕ್ಕರೆಯೇ ಗ್ರೀಕ್ ಪದಕ್ಕೆ ಹತ್ತಿರದ ನೆಂಟ. ಇದನ್ನು ಓದಿದ ದಿನ ನಾನು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಯನ್ನು ಹೊಸದಾಗಿ ನೋಡಿದ ಹಾಗೆ ನೋಡಿದೆ.

ಆದರೆ ಈ ಗ್ರೀಕ್ ಪದ ಶುಗರ್ ಆಗಲಿಲ್ಲ. ಅದು ಲ್ಯಾಟಿನ್ ಪುಸ್ತಕಗಳಲ್ಲಿ ಸಾಕ್ಕರಮ್ ಆಗಿ ಸೇರಿಕೊಂಡು ನೂರಾರು ವರ್ಷ ಸುಮ್ಮನೆ ಮಲಗಿತ್ತು. ಎದ್ದಿದ್ದು ವಿಜ್ಞಾನಿಗಳ ಕೈಯಲ್ಲಿ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕಬ್ಬಿಗೆ ಸ್ಯಾಕರಮ್ ಅಫಿಸಿನಾರಮ್ ಎಂದು ಹೆಸರಿಟ್ಟ. ರಸಾಯನಶಾಸ್ತ್ರದಲ್ಲಿ ಸಕ್ಕರೆ ಜಾತಿಯ ಪದಾರ್ಥಗಳಿಗೆ ಮಾನೊಸ್ಯಾಕರೈಡ್, ಪಾಲಿಸ್ಯಾಕರೈಡ್ ಎಂಬ ಹೆಸರುಗಳು ಬಂದವು. 1879ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಐರಾ ರೆಮ್ಸೆನ್ ಅವರ ಪ್ರಯೋಗಾಲಯದಲ್ಲಿ ಕಾನ್‌ಸ್ಟಂಟೀನ್ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಕೆಲಸ ಮಾಡುತ್ತಿದ್ದ. ಒಂದು ಸಂಜೆ ಕೈ ತೊಳೆಯದೆ ಊಟಕ್ಕೆ ಕೂತ. ಬ್ರೆಡ್ಡು ವಿಪರೀತ ಸಿಹಿ. ಕೈಗೆ ಮೆತ್ತಿಕೊಂಡಿದ್ದ ಆ ಪದಾರ್ಥಕ್ಕೆ ಸ್ಯಾಕರಿನ್ ಎಂದು ಹೆಸರಾಯಿತು. ಅದು ಕಲ್ಲಿದ್ದಲಿನ ಟಾರಿನಿಂದ ಹುಟ್ಟಿದ್ದು, ಕಬ್ಬಿನ ಸೋಂಕು ಕೂಡ ಇಲ್ಲ. ಹೆಸರು ಮಾತ್ರ ಭರೂಚಿನ ದಕ್ಕೆಯದ್ದು.

ಶುಗರ್ ಹೋದ ದಾರಿ ಬೇರೆ. ಅದು ಸಾಮಾನಿನ ಜೊತೆಗೇ ಸಾಗಿದ ದಾರಿ, ಭೂಮಾರ್ಗ. ಭಾರತದಿಂದ ಪದ ಪರ್ಷಿಯಾಕ್ಕೆ ಹೋಗಿ ಶಕರ್ ಆಯಿತು. ಇಲ್ಲಿ ಶ ಉಳಿದಿದೆ, ಗಮನಿಸಿ. ವಾಯವ್ಯ ಗಡಿಯ ಗಾಂಧಾರಿ ಪ್ರಾಕೃತದಲ್ಲಿ ಶ, ಷ, ಸ ಮೂರೂ ಬೇರೆ ಬೇರೆಯಾಗಿಯೇ ಉಳಿದಿದ್ದವು. ಪರ್ಷಿಯಾಕ್ಕೆ ಹತ್ತಿರದ ಬಾಗಿಲು ಆ ಕಡೆಯೇ ಇತ್ತು. ಏಳನೇ ಶತಮಾನದಲ್ಲಿ ಅರಬರು ಪರ್ಷಿಯಾ ಗೆದ್ದಾಗ ಕಬ್ಬಿನ ಗದ್ದೆ, ಗಾಣ, ಕಾಯಿಸುವ ವಿದ್ಯೆ ಎಲ್ಲ ಅವರ ಕೈಗೆ ಬಂತು. ಜೊತೆಗೆ ಪದವೂ ಬಂತು. ಅರಬ್ಬಿಯಲ್ಲಿ ಅದು ಸುಕ್ಕರ್.

ಶ ಕಳೆದುಹೋಗಿದ್ದು ಇಲ್ಲಿ. ಅರಬ್ಬಿಯಲ್ಲಿ ಶ ಇಲ್ಲ ಅಂತಲ್ಲ, ಇದೆ. ಆದರೂ ಪರ್ಷಿಯನ್ ಪದಗಳನ್ನು ತೆಗೆದುಕೊಳ್ಳುವಾಗ ಅವರು ಅನೇಕ ಸಲ ಶ ಬದಲು ಸ ಹಾಕಿದ್ದಾರೆ. ಪರ್ಷಿಯನ್ನಿನ ಮುಶ್ಕ್, ಅಂದರೆ ಕಸ್ತೂರಿ, ಅರಬ್ಬಿಯಲ್ಲಿ ಮಿಸ್ಕ್. ನಿಶಾಪುರ್ ಎಂಬ ಊರು ಅರಬ್ಬಿಯಲ್ಲಿ ನೈಸಾಬೂರ್. ಶಕರ್ ಸುಕ್ಕರ್ ಆಗಿದ್ದು ಇದೇ ಸಾಲಿನದು. ಪದಮೂಲ ಹುಡುಕುವವರು ಒಂದು ಬದಲಾವಣೆಯನ್ನು ಒಪ್ಪಬೇಕಾದರೆ ಹೀಗೆ ಅದರ ಜೊತೆಯವರನ್ನು ಕೇಳುತ್ತಾರೆ. ಒಂಟಿಯಾಗಿ ಬಂದ ಬದಲಾವಣೆಯನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಅರಬರ ಜೊತೆ ಕಬ್ಬು ಈಜಿಪ್ಟಿಗೆ, ಸಿಸಿಲಿಗೆ, ಸ್ಪೇನಿಗೆ ಹೋಯಿತು. ಸ್ಪೇನಿನಲ್ಲಿ ಒಂದು ಚಂದದ ಸಂಗತಿ ನಡೆದಿದೆ. ಅಲ್ಲಿ ಸಕ್ಕರೆಗೆ ಅಸೂಕರ್ ಅನ್ನುತ್ತಾರೆ. ಮುಂದಿನ ‘ಅ’ ಎಲ್ಲಿಂದ ಬಂತು? ಅರಬ್ಬಿಯಲ್ಲಿ ಪದದ ಮುಂದೆ, ಇಂಗ್ಲಿಷಿನ ‘ದಿ’ ತರ, ಅಲ್ ಎಂಬುದನ್ನು ಹಚ್ಚುತ್ತಾರೆ. ಸ ಎದುರಾದರೆ ಆ ಲ್ ಕೂಡ ಸ್ ಆಗುತ್ತದೆ. ಅಲ್ ಮತ್ತು ಸುಕ್ಕರ್ ಸೇರಿ ಅಸ್ಸುಕ್ಕರ್. ನಮ್ಮ ಸಂಧಿಯ ಹಾಗೇ. ಸ್ಪೇನಿನವರು ಅರಬರ ಜೊತೆ ಒಂದೇ ಬೀದಿಯಲ್ಲಿ ನೂರಾರು ವರ್ಷ ಬದುಕಿದರು. ಮಾತಿನಲ್ಲಿ ಕೇಳಿದ್ದನ್ನು ಅಂಟಿಕೊಂಡಿದ್ದ ಅಲ್ ಸಮೇತ ಎತ್ತಿಕೊಂಡರು. ಇಟಲಿ, ಫ್ರಾನ್ಸಿನವರಿಗೆ ಸಿಕ್ಕಿದ್ದು ಅಲ್ ಇಲ್ಲದ ಬರೀ ಸುಕ್ಕರ್. ಇದಕ್ಕೂ ಜೊತೆಯ ಸಾಕ್ಷಿ ಇದೆ. ಹತ್ತಿಗೆ ಅರಬ್ಬಿಯಲ್ಲಿ ಕುತ್ನ್. ಸ್ಪೇನಿನಲ್ಲಿ ಅದು ಅಲ್ಗೊದೋನ್, ಇಟಲಿಯಲ್ಲಿ ಕೊತೋನೆ, ಫ್ರೆಂಚಿನಲ್ಲಿ ಕೊತೋನ್. ಇಂಗ್ಲಿಷಿನ ಕಾಟನ್ನಿಗೂ ಶುಗರಿಗೂ ಮುಂದೆ ಆ ‘ಅ’ ಇಲ್ಲ. ಅಂದಮೇಲೆ ಇಂಗ್ಲಿಷಿಗೆ ಇವು ಬಂದಿದ್ದು ಸ್ಪೇನಿನ ದಾರಿಯಿಂದ ಅಲ್ಲ, ಫ್ರೆಂಚರಿಂದ. ಒಂದು ಸ್ವರ ಇದೆಯೋ ಇಲ್ಲವೋ ಅಂತ ನೋಡಿ ಹಡಗಿನ ದಾರಿ ಹೇಳಬಹುದು!

ಇಂಗ್ಲೆಂಡಿಗೆ ಮುಟ್ಟುವ ಹೊತ್ತಿಗೆ ಸಕ್ಕರೆ ಬಂಗಾರದ ಬೆಲೆಯ ಮಸಾಲೆ. 1226ರಲ್ಲಿ ಮೂರನೇ ಹೆನ್ರಿ ರಾಜ ವಿಂಚೆಸ್ಟರ್ ಊರಿನ ಮೇಯರಿಗೆ ಹೇಳಿಕಳಿಸಿದ್ದು ಮೂರು ಪೌಂಡ್ ಅಲೆಕ್ಸಾಂಡ್ರಿಯಾ ಸಕ್ಕರೆ ಬೇಕು ಅಂತ. ಅದೂ ಅಷ್ಟೊಂದು ಒಟ್ಟಿಗೆ ಸಿಗುವುದಾದರೆ ಅಂತ. ಮೂರು ಪೌಂಡ್ ಅಂದರೆ ಒಂದೂವರೆ ಕೆ.ಜಿ.ಗೂ ಕಡಿಮೆ. ಇವತ್ತು ನಮ್ಮ ಮನೆಗಳಲ್ಲಿ ತಿಂಗಳ ಸಾಮಾನಿನ ಚೀಟಿಯಲ್ಲಿ ಅದಕ್ಕಿಂತ ಜಾಸ್ತಿ ಬರೆಯುತ್ತೇವೆ.

ಹಳೆಯ ಇಂಗ್ಲಿಷ್ ಬರಹಗಳಲ್ಲಿ ಸುಕ್ರೆ, ಸುಗ್ರೆ ಎರಡೂ ತರ ಕಾಣುತ್ತದೆ. ಕ ಸಡಿಲವಾಗಿ ಗ ಆಗಿದೆ. ಫ್ರೆಂಚಿನ ಫ್ಲಾಕೋನ್ ಎಂಬ ಸೀಸೆಯ ಹೆಸರು ಇಂಗ್ಲಿಷಿನಲ್ಲಿ ಫ್ಲ್ಯಾಗನ್ ಆದ ಹಾಗೆ. ಇಷ್ಟಾದರೂ ಮೊದಲ ಅಕ್ಷರ ಇನ್ನೂ ಸ. ಬರೆದಿದ್ದು ಎಸ್, ಉಚ್ಚಾರ ಸ. ಎರಡೂ ಸರಿಯಾಗಿ ಹೊಂದುತ್ತಿದ್ದವು.

ಈಗ ಶ ಬರುವ ಗಳಿಗೆ. ಫ್ರೆಂಚಿನ ಸುಕ್ರ್‌ನಲ್ಲಿರುವ ಉ ನಮ್ಮ ಉ ಅಲ್ಲ. ತುಟಿಯನ್ನು ಉ ಅನ್ನುವ ಹಾಗೆ ದುಂಡಗೆ ಮಾಡಿ, ಒಳಗೆ ಇ ಅನ್ನಲು ಹೋದರೆ ಬರುವ ಸ್ವರ. ಇಂಗ್ಲಿಷರಿಗೆ ಅದು ಒಗ್ಗಲಿಲ್ಲ. ಅದನ್ನು ಎರಡಾಗಿ ಒಡೆದು ಇಉ, ಯು ಅಂತ ಆಡಿದರು. ಸುಗರ್ ಹೋಗಿ ಸ್ಯುಗರ್ ಆಯಿತು. ಈಗ ನೀವೇ ಬಾಯಲ್ಲಿ ಸ್ಯುಗರ್, ಸ್ಯುಗರ್ ಅಂತ ಹತ್ತು ಸಲ ಬೇಗ ಬೇಗ ಹೇಳಿ ನೋಡಿ. ಸ ಅನ್ನುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ಇರುತ್ತದೆ. ಯ ಅನ್ನುವಾಗ ನಾಲಿಗೆಯ ನಡುಭಾಗ ಅಂಗುಳಿನ ಕಡೆ ಏಳುತ್ತದೆ. ಅವಸರದಲ್ಲಿ ಎರಡೂ ಒಂದೇ ಸಲಕ್ಕೆ ಆದರೆ ನಾಲಿಗೆ ಹೋಗಿ ನಿಲ್ಲುವ ಜಾಗ ಯಾವುದು? ಶ. ನಮ್ಮ ವ್ಯಾಕರಣದಲ್ಲಿ ಯ ಮತ್ತು ಶ ಎರಡೂ ತಾಲವ್ಯ ಅಂತ ಒಟ್ಟಿಗೆ ಇಟ್ಟಿರುವುದು ಇದಕ್ಕೇ. ಸ ಹತ್ತಿರ ಯ ಬಂದು ಕೂತರೆ ಸ ಶ ಕಡೆಗೆ ಜಾರುತ್ತದೆ.

ಈ ಶ ಇಂಗ್ಲಿಷರ ನಾಲಿಗೆಯ ಮೇಲೇ ಹುಟ್ಟಿದ್ದು. ಇದಕ್ಕೂ ಜೊತೆಯವರು ಇದ್ದಾರೆ. ಶೂರ್ ಎಂಬ ಪದ ಬರೆಯುವುದು ಬರೀ ಎಸ್ ಹಾಕಿ, ಓದುವುದು ಶ ಎಂದು. ಅದೂ ಫ್ರೆಂಚಿನಿಂದಲೇ ಬಂದಿದ್ದು. ಇಶ್ಯೂ, ಟಿಶ್ಯೂ ನೋಡಿ. ಬರವಣಿಗೆಯಲ್ಲಿ ಎರಡೆರಡು ಎಸ್, ಎಚ್ ಸುಳಿವೇ ಇಲ್ಲ, ಬಾಯಲ್ಲಿ ಶ. ಹಾಗಾದರೆ ಸೂಟ್, ಸೂಪರ್ ಯಾಕೆ ಶೂಟ್, ಶೂಪರ್ ಆಗಲಿಲ್ಲ ಅಂತ ಕೇಳಬಹುದು. ಸೂಟ್ ಎಂಬ ಪದವನ್ನು ಶೂಟ್ ಅನ್ನುತ್ತಿದ್ದ ಕಾಲವೂ ಇತ್ತು. ಅಲ್ಲಿ ಆ ಉಚ್ಚಾರ ನಿಲ್ಲಲಿಲ್ಲ, ಶುಗರ್ ಮತ್ತು ಶೂರ್‌ನಲ್ಲಿ ನಿಂತಿತು. ಬಾಯಿ ಮುಂದೆ ಹೋಯಿತು, ಕಾಗುಣಿತ ಹಿಂದೆಯೇ ಉಳಿಯಿತು. ಮಗುವಿನ ಪುಸ್ತಕದಲ್ಲಿ ಎಚ್ ಇಲ್ಲದಿರುವುದಕ್ಕೆ ಕಾರಣ ಇಷ್ಟೇ. ಆ ಎಸ್ ಅರಬರ ಸ, ಫ್ರೆಂಚರ ಸ.

ಅಂದರೆ ನಾನು ಯಾವ ಅಕ್ಷರವನ್ನು ತೋರಿಸಿ ನಂಟು ಹೇಳಿದೆನೋ, ಇಡೀ ಪದದಲ್ಲಿ ನಂಟಿಲ್ಲದ ಅಕ್ಷರ ಅದೊಂದೇ. ಉತ್ತರ ಸರಿಯಿತ್ತು, ಕಾರಣ ತಪ್ಪಿತ್ತು. ಪದಗಳ ವಿಷಯದಲ್ಲಿ ನಾವೆಲ್ಲ ಹೆಚ್ಚಾಗಿ ಎಡವುವುದು ಇಲ್ಲೇ. ಕಿವಿಗೆ ಒಂದೇ ತರ ಕೇಳಿದರೆ ಸಾಕು, ಒಂದೇ ಮೂಲ ಅಂತ ತೀರ್ಮಾನ ಮಾಡಿಬಿಡುತ್ತೇವೆ. ಪರ್ಷಿಯನ್ನಿನಲ್ಲಿ ಬದ್ ಅಂದರೆ ಕೆಟ್ಟದ್ದು, ಇಂಗ್ಲಿಷಿನಲ್ಲಿ ಬ್ಯಾಡ್ ಅಂದರೂ ಕೆಟ್ಟದ್ದು. ಎರಡಕ್ಕೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ಆದಿವಾಸಿಗಳ ಬಬರಂ ಭಾಷೆಯಲ್ಲಿ ನಾಯಿಗೆ ಡಾಗ್ ಎಂದೇ ಕೇಳುವ ಪದವಿತ್ತು. ಇಂಗ್ಲಿಷಿನಿಂದ ಬಂದಿದ್ದಲ್ಲ, ಸುಮ್ನೆ ಕಾಕತಾಳೀಯ. ಇನ್ನೊಂದು ಕಡೆ, ಇಂಗ್ಲಿಷಿನ ವ್ಹೀಲ್ ಮತ್ತು ಸಂಸ್ಕೃತದ ಚಕ್ರ ಕಿವಿಗೆ ಒಂದಿಷ್ಟೂ ಹೋಲುವುದಿಲ್ಲ. ಆದರೆ ಅವು ಒಂದೇ ತಾಯಿಯ ಮಕ್ಕಳು.

ಅದನ್ನು ಹೇಗೆ ನಂಬುವುದು? ನಿಯಮದಿಂದ. ಇದನ್ನು ಮೊದಲು ನಮ್ಮ ಮನೆಯಲ್ಲೇ ನೋಡೋಣ. ತಮಿಳಿನಲ್ಲಿ ವಾಯ್, ಕನ್ನಡದಲ್ಲಿ ಬಾಯಿ. ಅಲ್ಲಿ ವಿಲ್, ಇಲ್ಲಿ ಬಿಲ್ಲು. ಅಲ್ಲಿ ವೆಲ್ಲಂ, ಇಲ್ಲಿ ಬೆಲ್ಲ. ಅವರ ವ ಇದ್ದ ಕಡೆ ನಮ್ಮಲ್ಲಿ ಬ. ಒಂದೆರಡು ಪದದಲ್ಲಲ್ಲ, ಸಾಲುಸಾಲಾಗಿ. ಇದೇ ತರದ ಸಾಲು ಸಂಸ್ಕೃತಕ್ಕೂ ಇಂಗ್ಲಿಷಿಗೂ ನಡುವೆ ಇದೆ, ಅವೆರಡೂ ಒಂದೇ ಹಳೆಯ ಭಾಷೆಯಿಂದ ಒಡೆದು ಬಂದವು. ಸಂಸ್ಕೃತದಲ್ಲಿ ಶ ಇದ್ದ ಕಡೆ ಇಂಗ್ಲಿಷಿನಲ್ಲಿ ಹ ಸಿಗುತ್ತದೆ. ಶತ, ಹಂಡ್ರೆಡ್. ಶ್ವಾನ, ಹೌಂಡ್. ಶೃಂಗ, ಹಾರ್ನ್. ಈಗ ಯೋಚಿಸಿ. ಶರ್ಕರಾ ಇಂಗ್ಲಿಷಿಗೆ ಹುಟ್ಟಿನಿಂದಲೇ ಬಂದ ಪದವಾಗಿದ್ದರೆ ಅದು ಹ ದಿಂದ ಶುರುವಾಗಬೇಕಿತ್ತು. ಆಗಿಲ್ಲ. ಹಾಗಾಗಿ ಶುಗರ್ ರಕ್ತಸಂಬಂಧದಿಂದ ಬಂದಿದ್ದಲ್ಲ, ಕಡ ತಂದಿದ್ದು. ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿತು ಅನ್ನುವವರು ಶುಗರ್‌ನ ಉದಾಹರಣೆ ಕೊಡುವುದನ್ನು ಕೇಳಿದ್ದೇನೆ. ಆ ಪದ ಹೇಳುವುದು ವ್ಯಾಪಾರದ ಕತೆಯನ್ನು, ಹುಟ್ಟಿನ ಕತೆಯನ್ನಲ್ಲ. ಕನ್ನಡವೂ ಇದರಲ್ಲಿ ಇಂಗ್ಲಿಷಿನ ಸಾಲಿನಲ್ಲೇ ನಿಲ್ಲುತ್ತದೆ. ನಮ್ಮ ಭಾಷೆಯ ಮನೆತನ ದ್ರಾವಿಡ, ಬೆಲ್ಲ ನಮ್ಮ ಮನೆಯ ಪದ, ಸಕ್ಕರೆ ಪ್ರಾಕೃತದಿಂದ ತಂದಿದ್ದು. ಕನ್ನಡಿಗರೂ ಇಂಗ್ಲಿಷರೂ ಒಂದೇ ಅಂಗಡಿಯ ಗಿರಾಕಿಗಳು. ನಾವು ಬಾಗಿಲಲ್ಲೇ ಕೊಂಡೆವು, ಅವರಿಗೆ ನಾಲ್ಕು ಕೈ ದಾಟಿ ಸಿಕ್ಕಿತು.

ಇಂಗ್ಲಿಷರು ಈ ಪದವನ್ನು ಒಂದೇ ಸಲ ತೆಗೆದುಕೊಂಡು ಸುಮ್ಮನಾಗಲೂ ಇಲ್ಲ. ಶುಗರ್ ಅರಬರಿಂದ, ಸ್ಯಾಕರಿನ್ ಗ್ರೀಕರಿಂದ. ಮೂರನೆಯದು ಸಮುದ್ರದ ಮೇಲೆ ಹೋಯಿತು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು. ಮಲಯಾಳದಲ್ಲಿ ಬೆಲ್ಲಕ್ಕೆ ಶರ್ಕ್ಕರ ಅಂತಲೂ ಚಕ್ಕರ ಅಂತಲೂ ಹೇಳುತ್ತಾರೆ. ಬಿಳಿ ಸಕ್ಕರೆಗೆ ಅವರ ಪದ ಬೇರೆ, ಪಂಚಸಾರ. ತಮಿಳರ ಸಕ್ಕರೈ ಪೊಂಗಲ್‌ಗೂ ಹಾಕುವುದು ಬೆಲ್ಲವೇ ಅಲ್ವಾ? ಕಣ್ಣನೂರಿನ ಪೋರ್ಚುಗೀಸ್ ಕೋಠಿಯಲ್ಲಿ, ಅಂದರೆ ವ್ಯಾಪಾರದ ನೆಲೆಯಲ್ಲಿ, ಬರವಣಿಗೆಯ ಕೆಲಸ ಮಾಡುತ್ತಿದ್ದ, ಮಲಯಾಳ ಬಲ್ಲ ದುವಾರ್ತೆ ಬಾರ್ಬೋಸಾ 1516ರ ಸುಮಾರಿಗೆ ತಾಳೆ ಜಾತಿಯ ಮರಗಳ ಬೆಲ್ಲವನ್ನು ಶಗರ ಎಂದು ಬರೆದ. ಪೋರ್ಚುಗೀಸರ ಬಾಯಲ್ಲಿ ಅದು ಜಾಗರ ಆಯಿತು. ಇಂಗ್ಲಿಷರ ಬಾಯಲ್ಲಿ ಜ್ಯಾಗರಿ ಆಯಿತು. ಲಂಡನ್ನಿನ ಅಂಗಡಿಯ ಒಂದೇ ಕಪಾಟಿನಲ್ಲಿ ಶುಗರ್ ಪ್ಯಾಕೆಟ್ಟು, ಜ್ಯಾಗರಿ ಪ್ಯಾಕೆಟ್ಟು ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಇವು ಎರಡು ಬೇರೆ ಪದ ಅಂತ ಕೊಳ್ಳುವವರು ಅಂದುಕೊಳ್ಳುತ್ತಾರೆ.

ನೆನಪಿಟ್ಟುಕೊಳ್ಳಿ ಅಂದಿದ್ದ ಖಂಡ ಕೂಡ ಇದೇ ದಾರಿ ಹಿಡಿಯಿತು. ಪರ್ಷಿಯನ್ನಿನಲ್ಲಿ ಕಂದ್, ಅರಬ್ಬಿಯಲ್ಲಿ ಕಂದಿ, ಫ್ರೆಂಚಿನಲ್ಲಿ ಸುಕ್ರ್ ಕಾಂದಿ, ಇಂಗ್ಲಿಷಿನಲ್ಲಿ ಶುಗರ್ ಕ್ಯಾಂಡಿ. ಆಮೇಲೆ ಶುಗರ್ ಉದುರಿ ಬರೀ ಕ್ಯಾಂಡಿ. ಶುಗರ್ ಕ್ಯಾಂಡಿ ಎಂಬ ಎರಡು ಪದವನ್ನೂ ಅವುಗಳ ಹಳೆಯ ಅರ್ಥಕ್ಕೆ ಕರೆದೊಯ್ದರೆ ‘ಗರಸಿನ ತುಂಡು’. ಕನ್ನಡದಲ್ಲಿ ನಾವು ಅದೇ ಪದಾರ್ಥಕ್ಕೆ ಕಲ್ಲುಸಕ್ಕರೆ ಅನ್ನುತ್ತೇವೆ. ಸಕ್ಕರೆಯಲ್ಲೇ ಕಲ್ಲು ಇದೆ ಅನ್ನುವುದು ಮರೆತುಹೋಗಿ, ಮುಂದೆ ಇನ್ನೊಂದು ಕಲ್ಲು ಇಟ್ಟಿದ್ದೇವೆ. ನನಗೆ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಪದ ಇದು.

ಇಷ್ಟು ದೂರ ಪದವನ್ನು ಕಳಿಸಿಕೊಟ್ಟ ದೇಶದಲ್ಲೇ ಹಿಂದಿಯವರು ಸಕ್ಕರೆಗೆ ಚೀನಿ ಅನ್ನುತ್ತಾರೆ, ಅಂದರೆ ಚೀನಾದ್ದು. ಕಲ್ಲುಸಕ್ಕರೆಗೆ ಮಿಸ್ರಿ ಅನ್ನುತ್ತಾರೆ, ಅಂದರೆ ಮಿಸ್ರ್ ದೇಶದ್ದು, ಈಜಿಪ್ಟಿನದು. ತಮಿಳರಲ್ಲೂ ಸೀನಿ ಎಂಬ ಮಾತಿದೆ. ಚೀನಾದ ಚಕ್ರವರ್ತಿ ತೈಜಾಂಗ್ 647ರಲ್ಲಿ ಮಗಧಕ್ಕೆ ಜನ ಕಳಿಸಿದ್ದು ಕಬ್ಬಿನ ರಸ ಕಾಯಿಸುವುದು ಹೇಗೆ ಅಂತ ಕಲಿತು ಬರಲಿಕ್ಕೆ. ಕಲಿತವರು ಚೆನ್ನಾಗಿ ಕಲಿತರು. ಮುಂದೆ ಬಿಳಿ ಸಕ್ಕರೆಗೆ ಅವರ ದೇಶದ ಹೆಸರೇ ನಮ್ಮಲ್ಲಿ ನಿಂತಿತು.

ಭಾನುವಾರ ಅಣ್ಣನ ಮಗಳು ಮತ್ತೆ ಬಂದಿದ್ದಳು. ಅವತ್ತು ನಾನು ಹೇಳಿದ್ದು ತಪ್ಪು ಕಣೇ ಅಂದೆ. ಸ್ಯುಗರ್ ಅಂತ ಬೇಗ ಬೇಗ ಹೇಳು ಅಂದೆ. ಐದನೇ ಸಲಕ್ಕೇ ಅವಳ ಬಾಯಲ್ಲಿ ಶ ಬಂತು. ‘ಚಿಕ್ಕಪ್ಪ, ತಾನೇ ಆಗೋಯ್ತು!’ ಅಂತ ಕೂಗಿದಳು. ಆಮೇಲೆ ಸ್ಯೂರ್, ಸ್ಯೂರ್ ಅಂತ ಶುರು ಮಾಡಿದಳು.